ಅಮ್ಮನ ರಿಪೋರ್ಟಿನಲ್ಲಿದ್ದ ಎರಡು ಅಂಕಿ

ಅಮ್ಮನ ಬಲಗಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ಅಡಿಕೆ ಕೊಯ್ಲು ಮುಗೀಲಿ, ಮಳೆ ಕಳೀಲಿ, ಚಿಕ್ಕಮ್ಮನ ಮಗಳ ಮದುವೆ ಆಗಲಿ ಅಂತ ಮುಂದೆ ಹಾಕುತ್ತಲೇ ಬಂದಳು. ಒಂದು ಬೆಳಿಗ್ಗೆ ಕಾಫಿಯನ್ನು ಲೋಟದ ಪಕ್ಕಕ್ಕೆ ಹೊಯ್ದಳು. ಮರುವಾರ ಶಿವಮೊಗ್ಗಕ್ಕೆ ಹೊರಟೆವು.

ಆಪರೇಷನ್‌ಗೆ ಮೊದಲು ಕಣ್ಣಿನ ಅಳತೆ ತೆಗೆಯುತ್ತಾರೆ. "ಅಮ್ಮಾ, ಗಲ್ಲ ಇಲ್ಲಿಡಿ, ಹಣೆ ಮುಂದಕ್ಕೆ ಒತ್ತಿ, ಕೆಂಪು ಚುಕ್ಕಿ ನೋಡ್ತಾ ಇರಿ" ಅಂದಳು ಮಿಷನ್ ಹಿಂದಿದ್ದ ಹುಡುಗಿ. ಒಂದು ನಿಮಿಷವೂ ಹಿಡಿಯಲಿಲ್ಲ. ಅಂಕಿ ತುಂಬಿದ ಹಾಳೆಯೊಂದು ಪ್ರಿಂಟಾಗಿ ಬಂತು. ಒಂದು ಅಂಕಿಗೆ ಅವಳು ಪೆನ್ನಿನಿಂದ ಸುತ್ತು ಹಾಕಿದಳು. 23.4. ಅದರ ಕೆಳಗೆ ಇನ್ನೊಂದಿತ್ತು. 11.7.

"ಇದು ಕಣ್ಣಿನ ಉದ್ದ ಸಾರ್, ಮುಂದಿನಿಂದ ಹಿಂದಿನ ತನಕ, ಮಿಲಿಮೀಟರಲ್ಲಿ. ಯಾವ ಪವರಿನ ಲೆನ್ಸ್ ಹಾಕಬೇಕು ಅನ್ನೋದು ಇದರ ಮೇಲೆ ಹೋಗುತ್ತೆ. ಕೆಳಗಿನದು ಕರಿಗುಡ್ಡೆ ಅಗಲ."

ಅಮ್ಮ ನನ್ನ ಕಡೆ ತಿರುಗಿದಳು. "ಎಂಥದು ಮಾರಾಯ, ರವಿಕೆಗೆ ತಗೊಂಡ ಹಾಗೆ ಕಣ್ಣಿಗೂ ಅಳತೆ ತಗೊಂಡ್ಳಲ್ಲ!"

ಆಮೇಲೆ ಹನಿ ಹಾಕಿ ಬೆಂಚಿನ ಮೇಲೆ ಕೂರಿಸಿದರು. ಸ್ವಲ್ಪ ಹೊತ್ತಿಗೊಮ್ಮೆ ಇನ್ನೊಂದು ಹನಿ. ಮುಕ್ಕಾಲು ಗಂಟೆ ಆಗುವಷ್ಟರಲ್ಲಿ ಎರಡೂ ಕಣ್ಣಿನ ಪಾಪೆ ಅರಳಿ, ಸುತ್ತಲಿನ ಕಂದು ಬಣ್ಣ ದಾರದಷ್ಟು ಮಾತ್ರ ಉಳಿದಿತ್ತು. ಪರೀಕ್ಷೆ ಮುಗಿಸಿ ಹೊರಗೆ ಬಂದರೆ ಮಟಮಟ ಮಧ್ಯಾಹ್ನ. ಬಾಗಿಲಲ್ಲೇ ಅಮ್ಮ ಗಕ್ಕನೆ ನಿಂತಳು. ಎದುರಿಗಿದ್ದ ಆಟೋ, ಎಳನೀರಿನ ಗಾಡಿ ಎಲ್ಲ ಬಿಳಿ ಬೆಂಕಿಯಲ್ಲಿ ಕರಗಿದ ಹಾಗಿತ್ತಂತೆ. ಎರಡನೇ ಮೆಟ್ಟಿಲು ಸಿಗದೆ ನನ್ನ ತೋಳು ಹಿಡಿದಳು. "ಇರುಳು ಕಂಡ ಬಾವೀಲಿ ಹಗಲು ಬಿದ್ದರಂತೆ, ಹಾಗಾಯ್ತು ನನ್ನ ಕಥೆ" ಅಂತ ನಕ್ಕಳು.

ಗಾದೆ ಕಟ್ಟಿದವರ ಮನಸ್ಸಲ್ಲಿ ಏನಿತ್ತೋ. ಆ ಹೊತ್ತಿಗಂತೂ ಅಮ್ಮನ ಕಣ್ಣು ಇರುಳಿನ ಕಣ್ಣೇ ಆಗಿತ್ತು. ಬೆಳಕು ಧಾರಾಳವಾಗಿ ಒಳಗೆ ನುಗ್ಗುತ್ತಿತ್ತು, ಚಿತ್ರ ಮಾತ್ರ ಕಲಸಿಹೋಗಿತ್ತು.

ಊರಿಗೆ ಬರುವ ಬಸ್ಸಿನಲ್ಲಿ ಆ ಹಾಳೆ ತೆಗೆದು ನೋಡುತ್ತಾ ಕೂತೆ. ಪ್ರಾಣಿಗಳ ಕಣ್ಣಿನ ಬಗ್ಗೆ ಸಿಕ್ಕಿದ್ದೆಲ್ಲ ಓದುವ ಹುಚ್ಚು ನನಗೆ ಹಳೆಯದು. ಯಾವ ಪ್ರಾಣಿ ಹಗಲಿನದು, ಯಾವುದು ಇರುಳಿನದು ಅಂತ ಬರೀ ಕಣ್ಣುಗುಡ್ಡೆ ನೋಡಿ ಹೇಳಲು ಹೊರಟವರು ಅಳೆಯುವುದೂ ಇವೆರಡನ್ನೇ. ಮುಂದಿನ ಗಾಜಿನ, ಅಂದರೆ ಕಾರ್ನಿಯಾದ ಅಗಲ. ಮತ್ತೆ ಗುಡ್ಡೆಯ ಉದ್ದ. ಅಮ್ಮನ ಅಗಲವನ್ನು ಉದ್ದದಿಂದ ಭಾಗಿಸಿದೆ. ಸರಿಯಾಗಿ ಅರ್ಧ. ಬೆಕ್ಕಿನ ಕಣ್ಣು ನಮ್ಮದಕ್ಕಿಂತ ಚೂರೇ ಗಿಡ್ಡ, 21-22 ಮಿಲಿಮೀಟರ್. ಕಾರ್ನಿಯಾ ಮಾತ್ರ 16-17 ಮಿಲಿಮೀಟರ್ ಅಗಲ. ಭಾಗಿಸಿದರೆ ಮುಕ್ಕಾಲಿನ ಆಸುಪಾಸು. ಮೂರ್ನಾಲ್ಕು ಕಿಲೋ ತೂಗುವ ಪ್ರಾಣಿಗೆ ನಮ್ಮದಕ್ಕಿಂತ ಅಗಲದ ಕಿಟಕಿ!

ಇದು ಯಾಕೆ ಹೀಗೆ ಅಂತ ಯೋಚಿಸುವಾಗ ನನಗೆ ಟೆಂಟ್ ಸಿನಿಮಾ ನೆನಪಾಗುತ್ತದೆ. ಪ್ರೊಜೆಕ್ಟರನ್ನು ಪರದೆಯಿಂದ ದೂರ ಸರಿಸಿದರೆ ಚಿತ್ರ ದೊಡ್ಡದಾಗುತ್ತದೆ. ಹೀರೋ ಮೀಸೆಯ ಒಂದೊಂದು ಕೂದಲೂ ಕಾಣುತ್ತದೆ. ಆದರೆ ಅಷ್ಟೇ ಬೆಳಕು ಅಷ್ಟಗಲಕ್ಕೆ ಹರಡಿ ಮಂಕಾಗುತ್ತದೆ. ಹತ್ತಿರ ತಂದರೆ ಚಿತ್ರ ಚಿಕ್ಕದು, ಆದರೆ ಝಗಝಗ. ಕಣ್ಣಲ್ಲಿ ಪರದೆಯ ಕೆಲಸ ರೆಟಿನಾದ್ದು. ಹಗಲಲ್ಲಿ ಓಡಾಡುವ ಪ್ರಾಣಿಗೆ ಬೆಳಕಿಗೆ ಬರವಿಲ್ಲ. ಅದು ಕಣ್ಣನ್ನು ಉದ್ದ ಮಾಡಿಕೊಂಡು ಚಿತ್ರವನ್ನು ದೊಡ್ಡದಾಗಿ ಬೀಳಿಸಿಕೊಳ್ಳಬಹುದು. ಇರುಳಿನ ಪ್ರಾಣಿಗೆ ಆ ಐಷಾರಾಮ ಎಲ್ಲಿ? ಕಿಟಕಿ ಅಗಲವಾಗಬೇಕು, ಪರದೆ ಹತ್ತಿರ ಇರಬೇಕು. ಸಿಕ್ಕ ನಾಲ್ಕು ಕಾಸನ್ನು ಸಣ್ಣ ಪರದೆ ಮೇಲೇ ಖರ್ಚು ಮಾಡಬೇಕು.

(ನಾನು ಮೈನಸ್ 4ರ ಕನ್ನಡಕದವನು. ನನ್ನ ಕಣ್ಣು ಇರಬೇಕಾದ್ದಕ್ಕಿಂತ ಹೆಚ್ಚುಕಡಿಮೆ ಒಂದೂವರೆ ಮಿಲಿಮೀಟರ್ ಉದ್ದ. ಹಾಗಾದರೆ ನಾನು ಅಮ್ಮನಿಗಿಂತ ದೊಡ್ಡ ಹಗಲು ಪ್ರಾಣಿಯೇ ಅಂದರೆ, ಅಲ್ಲ. ಉದ್ದಕ್ಕೆ ತಕ್ಕ ಹಾಗೆ ಫೋಕಸ್ ಕೂಡಿಬರದೆ ಹೋದರೆ ಉದ್ದ ಬರೀ ದಂಡ.)

ಹಕ್ಕಿಗಳಲ್ಲಿ ಈ ಲೆಕ್ಕ ಚೆನ್ನಾಗಿ ಕೂರುತ್ತದೆ. ಹಗಲಿನ ಹಕ್ಕಿಯ ಕಾರ್ನಿಯಾ ಉದ್ದಕ್ಕೆ ಹೋಲಿಸಿದರೆ ಕಿರಿದು, ಗೂಬೆಯದು ಅಗಲ. ಗೂಬೆಯ ಕಣ್ಣನ್ನು ಗುಡ್ಡೆ ಅನ್ನುವುದೇ ತಪ್ಪು. ಅದೊಂದು ಕೊಳವೆ. ಅಷ್ಟು ಅಗಲದ ಕಿಟಕಿಗೆ ತಕ್ಕ ದುಂಡನೆಯ ಗುಡ್ಡೆ ಇಡೋಣ ಅಂದರೆ ತಲೆಯಲ್ಲಿ ಜಾಗ ಸಾಲದು. ಅದಕ್ಕೇ ಸುತ್ತಲಿನ ಭಾಗ ಕತ್ತರಿಸಿ ತೆಗೆದ ಹಾಗೆ, ಮೂಳೆಯ ಬಳೆ ತೊಡಿಸಿದ ಕೊಳವೆ. ಕೊಳವೆ ತಿರುಗುವುದಿಲ್ಲ, ಹಾಗಾಗಿ ಕುತ್ತಿಗೆ ತಿರುಗುತ್ತದೆ, ಒಂದು ಕಡೆಗೆ 270 ಡಿಗ್ರಿಯಷ್ಟು. ನಮ್ಮ ಮನೆ ಹಿಂದಿನ ಹಲಸಿನ ಪೊಟರೆಯಲ್ಲಿ ಒಂದು ಜೋಡಿ ಹಾಲಕ್ಕಿ ಇದ್ದವು. ಬುಡಬುಡಕಿಯವರು 'ಹಾಲಕ್ಕಿ ನುಡೀತೈತೆ' ಅನ್ನುತ್ತಾರಲ್ಲ, ಅದೇ ಪುಟ್ಟ ಚುಕ್ಕಿ ಗೂಬೆ. ಸಂಜೆ ಹೊತ್ತು ನಾನು ಮರದ ಸುತ್ತ ಒಂದು ಪ್ರದಕ್ಷಿಣೆ ಹಾಕುತ್ತಿದ್ದೆ. ಕೊಂಬೆ ಮೇಲೆ ಕೂತದ್ದು ಮೈ ಅಲ್ಲಾಡಿಸದೆ ಮುಖ ಮಾತ್ರ ನನ್ನ ಜೊತೆ ತಿರುಗಿಸುತ್ತಿತ್ತು. ಒಂದು ಹಂತದಲ್ಲಿ ಫಟ್ ಅಂತ ಆ ಕಡೆಯಿಂದ ಈ ಕಡೆಗೆ ತಂದುಬಿಡುತ್ತಿತ್ತು. ಎಷ್ಟು ಬೇಗ ಅಂದರೆ, ಕುತ್ತಿಗೆ ಪೂರ್ತಿ ಒಂದು ಸುತ್ತು ಬಂತು ಅಂತಲೇ ಚಿಕ್ಕಂದಿನಲ್ಲಿ ನಂಬಿದ್ದೆ.

ಲೆಕ್ಕ ತಪ್ಪುವುದು ನಮ್ಮ ಕೊಟ್ಟಿಗೆಯಲ್ಲಿ.

ಅಜ್ಜ ಇದ್ದಾಗ ರಾತ್ರಿ ಮಲಗುವ ಮೊದಲು ಕೊಟ್ಟಿಗೆಗೆ ಒಂದು ಸುತ್ತು ಹೋಗುತ್ತಿದ್ದ. ನಾನು ಹಿಂದೆ. ಮೂರು ಸೆಲ್ಲಿನ ಸ್ಟೀಲ್ ಬ್ಯಾಟರಿ. ಸುಮ್ನೆ ಸೊಂಟದ ಹತ್ತಿರ ಹಿಡಿದು ಬಿಟ್ಟರೆ ದನದ ಬೆನ್ನು ಕಾಣುತ್ತದೆ, ಬಾಲ ಕಾಣುತ್ತದೆ, ಅಷ್ಟೇ. "ಹಾಗಲ್ಲ, ಕಿವಿ ಹತ್ರ ಹಿಡಿ" ಅಂತ ಕೈ ಎತ್ತಿ ಕಣ್ಣಿನ ಪಕ್ಕಕ್ಕೆ ತರಿಸುತ್ತಿದ್ದ. ಆಗ ಕತ್ತಲಲ್ಲಿ ಒಂದೊಂದೇ ಜೋಡಿ ದೀಪ ಹತ್ತುತ್ತಿದ್ದವು. ಅಜ್ಜನಿಗೆ ಕಾರಣ ಬೇಕಿರಲಿಲ್ಲ, ಬುದ್ಧಿ ಗೊತ್ತಿತ್ತು. ಆ ಹೊಳಪು ಬಂದ ದಾರಿಯಲ್ಲೇ ವಾಪಸು ಹೋಗುತ್ತದೆ. ನಮ್ಮ ಕಣ್ಣು ಆ ದಾರಿಯಲ್ಲಿದ್ದರೆ ಮಾತ್ರ ಕಾಣುತ್ತದೆ.

ಇಂಥ ಪ್ರಾಣಿಗಳ ರೆಟಿನಾದ ಹಿಂದೆ ಒಂದು ಕನ್ನಡಿ ಪದರ ಇದೆ. ಟಪೇಟಮ್ ಅಂತ ಹೆಸರು. ರೆಟಿನಾ ಹಿಡಿಯದೆ ಬಿಟ್ಟ ಬೆಳಕನ್ನು ಅದು ಹಿಂದಕ್ಕೆ ತಳ್ಳಿ ಇನ್ನೊಂದು ಅವಕಾಶ ಕೊಡುತ್ತದೆ. ಎರಡನೇ ಸಲವೂ ತಪ್ಪಿಸಿಕೊಂಡು ಹೊರಗೆ ಬಂದ ಪಾಲು ನಮಗೆ ಹೊಳಪಾಗಿ ಕಾಣುತ್ತದೆ. ದನದಲ್ಲಿ ಈ ಕನ್ನಡಿ ಕಣ್ಣಿನ ಹಿಂಭಾಗದ ಮೇಲರ್ಧದಲ್ಲಿದೆ. ಇದರಲ್ಲೂ ಒಂದು ಜಾಣತನ ಇದೆ. ಕಣ್ಣೊಳಗೆ ಚಿತ್ರ ತಲೆಕೆಳಗಾಗಿ ಬೀಳುವುದರಿಂದ ಮೇಲರ್ಧಕ್ಕೆ ಬರುವುದು ನೆಲದ ಚಿತ್ರ. ಕತ್ತಲು ಜಾಸ್ತಿ ಇರುವುದು ನೆಲದಲ್ಲೇ ತಾನೆ? ಆಕಾಶಕ್ಕೆ ಕನ್ನಡಿ ಯಾಕೆ ದಂಡ?

ಹೊಳಪಿನ ಬಣ್ಣದ ಬಗ್ಗೆ ನನಗೂ ಅಮ್ಮನಿಗೂ ಹೋದ ವರ್ಷ ಜಗಳವಾಗಿತ್ತು. ನಮ್ಮ ಹಸು ಗೌರಿಯ ಕಣ್ಣು ನೀಲಿ-ಹಸಿರು ಅಂತ ನಾನು. "ಎಲ್ಲಿಯ ನೀಲಿ, ಹಳೇ ಬಲ್ಬಿನ ಹಾಗೆ ಹಳದಿ" ಅಂತ ಅವಳು. ಇಪ್ಪತ್ತು ವರ್ಷದಿಂದ ಹಾಲು ಕರೆಯುವವಳು ತಾನು, ಬೆಂಗಳೂರಿಂದ ಬಂದು ಹೋಗುವವನ ಮಾತು ಯಾಕೆ ಕೇಳಬೇಕು ಅನ್ನುವ ಧಾಟಿ. ನಾನೂ ಬಿಟ್ಟುಕೊಡಲಿಲ್ಲ.

ವಿಷಯಕ್ಕೆ ಬರುತ್ತೇನೆ. ದನ ಹಗಲಲ್ಲಿ ಮೇಯುವ ಪ್ರಾಣಿ. ಬೆಳಿಗ್ಗೆ ಬಿಡುತ್ತೇವೆ, ಸಂಜೆ ಕಟ್ಟುತ್ತೇವೆ. ಆದರೆ ಅದರ ಕಣ್ಣನ್ನು ಅಳೆದರೆ ಉದ್ದ ಮೂರೂವರೆ ಸೆಂಟಿಮೀಟರ್ ಹತ್ತಿರ, ಕಾರ್ನಿಯಾ ಅಡ್ಡಕ್ಕೆ ಮೂರು ಸೆಂಟಿಮೀಟರ್ ಹತ್ತಿರ. ಗೂಬೆಯ ಸಾಲಿನ ಲೆಕ್ಕ! 2012ರಲ್ಲಿ ಮಾರ್ಗರೆಟ್ ಹಾಲ್, ಜೇಸನ್ ಕಮಿಲಾರ್, ಕ್ರಿಸ್ಟೋಫರ್ ಕರ್ಕ್ ಅನ್ನುವ ಮೂವರು 266 ಬಗೆಯ ಸಸ್ತನಿಗಳ ಕಣ್ಣಿನ ಅಳತೆಯನ್ನು ಹಕ್ಕಿಗಳ, ಹಲ್ಲಿ-ಓತಿಗಳ ಅಳತೆ ಪಕ್ಕ ಇಟ್ಟು ನೋಡಿದರು. ಹಕ್ಕಿಗಳಲ್ಲಿ, ಓತಿಗಳಲ್ಲಿ ಹಗಲು-ಇರುಳು ಬೇರೆಬೇರೆ ಗುಂಪಾಗಿ ನಿಂತವು. ಸಸ್ತನಿಗಳಲ್ಲಿ ಹಗಲು ಓಡಾಡುವವುಗಳ ಕಣ್ಣೂ ಇರುಳಿನ ಹಕ್ಕಿಯ, ಇರುಳಿನ ಹಲ್ಲಿಯ ಕಣ್ಣಿನ ಆಕಾರದಲ್ಲೇ ಇತ್ತು. ಈ ಗುಂಪು ಬಿಟ್ಟು ಹೊರಗೆ ನಿಂತವರು ಮಂಗಗಳು, ವಾನರಗಳು, ನಾವು.

ಇದಕ್ಕೆ ಕೊಡುವ ವಿವರಣೆ 1942ರಷ್ಟು ಹಳೆಯದು. ಅಮೆರಿಕದ ಗಾರ್ಡನ್ ವಾಲ್ಸ್ ಬೆನ್ನುಮೂಳೆಯ ಪ್ರಾಣಿಗಳ ಕಣ್ಣಿನ ಬಗ್ಗೆ ದಪ್ಪನೆಯ ಪುಸ್ತಕವೊಂದನ್ನು ಆ ವರ್ಷ ತಂದ. ಸಸ್ತನಿಗಳ ಪೂರ್ವಿಕರು ಬಹಳ ಬಹಳ ಕಾಲ ಇರುಳಿನ ಜೀವಿಗಳಾಗಿದ್ದರು ಅನ್ನುವುದು ಅವನ ವಾದ. ಡೈನೋಸಾರ್‌ಗಳು ಹಗಲನ್ನು ಆಳುತ್ತಿದ್ದಾಗ ಇಲಿಯಷ್ಟಕ್ಕೆ ಇದ್ದ ನಮ್ಮ ಮುತ್ತಜ್ಜಂದಿರು ಬಿಲದಲ್ಲಿ ಮಲಗಿ, ಕತ್ತಲಾದ ಮೇಲೆ ಹುಳ ಹುಡುಕುತ್ತಾ ದಿನ ದೂಡಿದರು. ದಿನ ಅಂದರೆ ಹತ್ತು ಕೋಟಿ ವರ್ಷಕ್ಕೂ ಮೇಲೆ. 6.6 ಕೋಟಿ ವರ್ಷದ ಹಿಂದೆ ಡೈನೋಸಾರ್‌ಗಳು ಅಳಿದ ಮೇಲೆ ಹಗಲು ಖಾಲಿ ಬಿತ್ತು. ಸಸ್ತನಿಗಳು ಮೆಲ್ಲಗೆ ಹೊರಗೆ ಬಂದವು. 2017ರಲ್ಲಿ 2,415 ಬಗೆಯ ಸಸ್ತನಿಗಳ ವಂಶವೃಕ್ಷ ಇಟ್ಟುಕೊಂಡು ಲೆಕ್ಕ ಹಾಕಿದವರಿಗೂ ಹೆಚ್ಚುಕಡಿಮೆ ಇದೇ ಸಿಕ್ಕಿತು. ಮೊದಲು ಹಗಲಿಗೆ ಬಂದವರಲ್ಲಿ ಮಂಗಗಳ ಪೂರ್ವಿಕರೂ ಇದ್ದರು.

ಕಥೆ ಸೊಗಸಾಗಿದೆ. ತೀರಾ ಸೊಗಸಾಗಿದೆ ಅನ್ನುವುದೇ ನನ್ನ ಅನುಮಾನ. ಸಸ್ತನಿಗಳ ಕಣ್ಣಲ್ಲಿ ಮೂಳೆ ಇಲ್ಲ, ಹಾಗಾಗಿ ಮಣ್ಣಲ್ಲಿ ಏನೂ ಉಳಿಯುವುದಿಲ್ಲ. ಡೈನೋಸಾರ್‌ಗಳ ಕಣ್ಣಲ್ಲಿ ಗೂಬೆಯ ಹಾಗೆ ಮೂಳೆಬಳೆ ಇತ್ತು, ಅದು ಉಳಿದಿದೆ. ಲಾರ್ಸ್ ಶ್ಮಿಟ್ಸ್ ಮತ್ತು ರ್‍ಯೊಸುಕೆ ಮೊಟಾನಿ 2011ರಲ್ಲಿ ಆ ಬಳೆಗಳನ್ನು ಅಳೆದು, ಕೆಲವು ಬೇಟೆಗಾರ ಡೈನೋಸಾರ್‌ಗಳು ಇರುಳಲ್ಲೂ ಓಡಾಡುತ್ತಿದ್ದವು ಅಂದರು. ಅಂದರೆ ಹಗಲೆಲ್ಲ ಅವರಿಗೆ, ಇರುಳೆಲ್ಲ ಇವರಿಗೆ ಅಂತ ಅಣ್ಣತಮ್ಮಂದಿರು ಹಿಸ್ಸೆ ಮಾಡಿಕೊಂಡ ಹಾಗೆ ಗೆರೆ ಎಳೆದಿರಲಿಲ್ಲ. ಕತ್ತಲಲ್ಲೂ ನಮ್ಮ ಮುತ್ತಜ್ಜಂದಿರಿಗೆ ನೆಮ್ಮದಿ ಇರಲಿಲ್ಲ, ಪಾಪ.

ಆದರೂ ಕುರುಹುಗಳು ಒಂದೇ ಕಡೆ ಬೆರಳು ತೋರಿಸುತ್ತವೆ. ಬಣ್ಣ ಕಾಣುವ ಕೋಶಗಳಿಗೆ ಕೋನ್ ಅನ್ನುತ್ತಾರೆ. ಹಕ್ಕಿಗಳಲ್ಲಿ ನಾಲ್ಕು ಬಗೆ. ಸಸ್ತನಿಗಳಲ್ಲಿ ಹೆಚ್ಚಿನವಕ್ಕೆ ಉಳಿದಿರುವುದು ಎರಡು. ಗೌರಿಗೂ ಎರಡೇ. ಕೆಂಪು ಬಟ್ಟೆ ಕಂಡರೆ ಹೋರಿ ರೇಗುತ್ತದೆ ಅನ್ನುವುದು ಅದಕ್ಕೇ ಸುಳ್ಳು. ಬಟ್ಟೆ ಅಲ್ಲಾಡುವುದಕ್ಕೆ ರೇಗುತ್ತದೆ. ಕತ್ತಲಲ್ಲಿ ಕೋನ್ ಇದ್ದರೂ ಉಪಯೋಗವಿಲ್ಲ, ಉಪಯೋಗವಿಲ್ಲದ್ದು ಕೆಟ್ಟರೂ ಯಾರೂ ಕೇಳುವುದಿಲ್ಲ. ನಮಗೆ ಮೂರನೆಯದು ಆಮೇಲೆ ಸಿಕ್ಕಿತು, ಹಗಲಿಗೆ ಮರಳಿದ ಮೇಲೆ. ಹಾಗಂತ ನಾವೇನು ಪೂರ್ತಿ ಹಗಲಿನವರಾಗಿಲ್ಲ. ಒಂದೊಂದು ಕಣ್ಣಲ್ಲಿ ಕೋನ್‌ಗಳು 60 ಲಕ್ಷದಷ್ಟು, ಮಬ್ಬಲ್ಲಿ ಕೆಲಸ ಮಾಡುವ ರಾಡ್‌ಗಳು 12 ಕೋಟಿಯಷ್ಟು. ಎರಡು ಬಗೆಯ ಕೋಶಗಳಿಗೆ ಎರಡು ಕೆಲಸ ಅಂತ ಮೊದಲು ಹೇಳಿದ ಜರ್ಮನಿಯ ಮ್ಯಾಕ್ಸ್ ಶುಲ್ಟ್ಸ್, 1866ರಲ್ಲಿ, ಅದನ್ನು ಕಂಡುಕೊಂಡಿದ್ದೇ ಹಗಲಿನ ಮತ್ತು ಇರುಳಿನ ಪ್ರಾಣಿಗಳ ರೆಟಿನಾ ಹೋಲಿಸಿ ನೋಡಿ. ಮನೆ ಅಂಗಳದಲ್ಲೇ ಇದನ್ನು ನೋಡಬಹುದು. ಕೃತ್ತಿಕೆ ನಕ್ಷತ್ರದ ಗೊಂಚಲನ್ನು ನೆಟ್ಟ ದೃಷ್ಟಿಯಿಂದ ನೋಡಿದರೆ ಮಸುಕು. ನೋಟವನ್ನು ಬೆರಳಷ್ಟು ಪಕ್ಕಕ್ಕೆ ಸರಿಸಿದರೆ ಬೆಳಗುತ್ತದೆ. ನೇರ ನೋಡುವ ಜಾಗದಲ್ಲಿ ಬರೀ ಕೋನ್‌ಗಳಿವೆ, ರಾಡ್‌ಗಳಿರುವುದು ಅಕ್ಕಪಕ್ಕ. ಇರುಳನ್ನು ಓರೆಗಣ್ಣಲ್ಲೇ ನೋಡಬೇಕು.

ನಮ್ಮ ವಂಶದಲ್ಲಿ ಹಗಲಿಗೆ ಬಂದು ಮತ್ತೆ ಇರುಳಿಗೆ ಹೋದವರೂ ಇದ್ದಾರೆ. ಫಿಲಿಪ್ಪೀನ್ಸ್, ಬೋರ್ನಿಯೋ ಕಡೆಯ ಟಾರ್ಸಿಯರ್. ಹಗಲಲ್ಲಿದ್ದಾಗ ಕನ್ನಡಿ ಪದರ ಕಳೆದುಕೊಂಡಿತ್ತು. ಇರುಳಿಗೆ ಮರಳುವಾಗ ಅದು ವಾಪಸು ಸಿಗಲಿಲ್ಲ. ಹಾಗಾಗಿ ಕಣ್ಣನ್ನೇ ಹಿಗ್ಗಿಸಿಕೊಂಡಿತು. ಅಂಗೈಯಲ್ಲಿ ಕೂರುವ ಪ್ರಾಣಿಯ ಒಂದೊಂದು ಕಣ್ಣೂ ಅದರ ಮೆದುಳಿನಷ್ಟು ದೊಡ್ಡದು. ನಮ್ಮ ಕಾಡುಪಾಪಕ್ಕೆ ಆ ಪಾಡಿಲ್ಲ. ಅದರ ವಂಶ ಕನ್ನಡಿ ಬಿಟ್ಟುಕೊಟ್ಟಿರಲೇ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಹಳೆ ಮರಗಳಲ್ಲಿ ಕಾಡುಪಾಪಗಳಿವೆ. ಅವನ್ನು ಎಣಿಸಲು ಹೋಗುವವರು ಹಣೆಗೆ ಕಟ್ಟಿದ ಟಾರ್ಚಿಗೆ ಕೆಂಪು ಹಾಳೆ ಸುತ್ತಿಕೊಂಡು ಹೋಗುತ್ತಾರೆ. ಕೆಂಪು ಬೆಳಕು ಅವಕ್ಕೆ ಅಷ್ಟು ಚುಚ್ಚುವುದಿಲ್ಲ. ಬಿದಿರುಮೆಳೆಯ ನಡುವೆ ಕೆಂಡದ ಹಾಗೆ ಎರಡು ಚುಕ್ಕಿ ಹೊಳೆಯುತ್ತವೆ. ನಾನು ಒಂದೇ ಒಂದು ಸಲ ನೋಡಿದ್ದೇನೆ, ಅದೂ ನಾಲ್ಕು ಸೆಕೆಂಡು. ಚುಕ್ಕಿಗಳು ಒಂದಕ್ಕೊಂದು ಎಷ್ಟು ಹತ್ತಿರ ಇದ್ದವು ಅಂದರೆ ಮೊದಲಿಗೆ ಒಂದೇ ಅಂದುಕೊಂಡಿದ್ದೆ. ಹೆಸರೂ ಚೆಂದ. ಕಣ್ಣಿನ ನಡುವಿನ ಕಪ್ಪಿಗೆ ಪಾಪೆ ಅನ್ನುತ್ತೇವೆ, ಪಾಪೆ ಅಂದರೆ ಬೊಂಬೆ. ಇನ್ನೊಬ್ಬರ ಕಣ್ಣಲ್ಲಿ ಇಣುಕಿದರೆ ನಮ್ಮದೇ ಪುಟ್ಟ ಬೊಂಬೆ ಕಾಣುತ್ತದಲ್ಲ, ಅದಕ್ಕೇ ಇರಬೇಕು.

ಪಾಪೆಯ ಆಕಾರದ ಕಥೆ ಬೇರೆ. ಕಣ್ಣುಗುಡ್ಡೆಯ ಆಕಾರಕ್ಕೂ ಪಾಪೆಯ ಆಕಾರಕ್ಕೂ ಜನ ಗಂಟು ಹಾಕಿಬಿಡುತ್ತಾರೆ. ವಾಟ್ಸಾಪಲ್ಲಿ ಆಗಾಗ ಒಂದು ಚಿತ್ರ ಓಡಾಡುತ್ತದೆ. ಹಾವಿನ ಪಾಪೆ ದುಂಡಗಿದ್ದರೆ ವಿಷವಿಲ್ಲ, ಉದ್ದ ಸೀಳಿನಂತಿದ್ದರೆ ವಿಷ ಅಂತ. ದಯವಿಟ್ಟು ಅದನ್ನು ಯಾರಿಗೂ ಕಳಿಸಬೇಡಿ. ನಾಗರಹಾವಿನ ಪಾಪೆ ದುಂಡಗೆ. ಕಾಳಿಂಗದ್ದೂ ದುಂಡಗೆ. ರಾತ್ರಿ ಹಾಸಿಗೆಗೇ ಬಂದು ಕಚ್ಚುವ ಕಟ್ಟುಹಾವಿನ ಪಾಪೆಯೂ ದುಂಡಗೆ. ವಿಷವೇ ಇಲ್ಲದ ಹೆಬ್ಬಾವಿಗೆ ಸೀಳುಪಾಪೆ. ಹಗಲು-ಇರುಳಿನ ಲೆಕ್ಕವಾದರೂ ಕೂರುತ್ತದಾ ಅಂದರೆ ಅದೂ ಅರ್ಧಂಬರ್ಧ. ಹಗಲಿನ ಕೇರೆಹಾವಿಗೆ ದುಂಡು, ಇರುಳಿನ ಕೊಳಕುಮಂಡಲಕ್ಕೆ ಸೀಳು, ಇಲ್ಲಿಗೆ ಸರಿ. ಆದರೆ ಕಟ್ಟುಹಾವು ಅಪ್ಪಟ ಇರುಳಿನದು, ಅದು ಲೆಕ್ಕ ಕೆಡಿಸುತ್ತದೆ. ಹಸಿರುಹಾವು ಇನ್ನೂ ವಿಚಿತ್ರ. ಹಗಲಲ್ಲಿ ಪೊದೆಯ ಮೇಲೆ ಬಳ್ಳಿಯಂತೆ ಬಿದ್ದಿರುವ ಅದರ ಪಾಪೆ ಅಡ್ಡಕ್ಕೆ, ಬೀಗದ ಕೈ ತೂತಿನ ಹಾಗೆ. ಮೂತಿಯ ಎರಡೂ ಬದಿ ಸಣ್ಣ ಕಾಲುವೆ ಇದ್ದು, ಅದರೊಳಗಿಂದ ಎರಡೂ ಕಣ್ಣು ಒಟ್ಟಿಗೆ ಮುಂದಕ್ಕೆ ನೋಡುತ್ತವೆ. ಓತಿಕ್ಯಾತ ಎಷ್ಟು ದೂರದಲ್ಲಿದೆ ಅಂತ ಅಳೆಯಲು. ಈ ಹಾವು ಕಣ್ಣು ಕುಕ್ಕುತ್ತದೆ ಅಂತ ನಮ್ಮಲ್ಲೂ ಹೆದರುತ್ತಾರೆ, ಸಿಂಹಳೀಯರೂ ಹೆದರುತ್ತಾರೆ. ಅದರ ವೈಜ್ಞಾನಿಕ ಹೆಸರು ಅಹೇಟುಲ್ಲ ಬಂದಿದ್ದೇ ಕಣ್ಣು ಕೀಳುವುದು ಅನ್ನುವ ಸಿಂಹಳ ಪದದಿಂದ. ಕಣ್ಣು ಚೆನ್ನಾಗಿರುವ ಹಾವಿಗೆ ಕಣ್ಣು ಕೀಳುವ ಹೆಸರು.

ಪಾಪೆಯ ಬಗ್ಗೆ ನನಗೆ ಒಪ್ಪಿಗೆಯಾದ ವಿವರಣೆ 2015ರಲ್ಲಿ ಬಂತು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಮಾರ್ಟಿನ್ ಬ್ಯಾಂಕ್ಸ್ ಮತ್ತು ಜೊತೆಯವರು ನೆಲದ ಮೇಲಿನ 214 ಬಗೆಯ ಪ್ರಾಣಿಗಳ ಪಾಪೆಯನ್ನು ಅವುಗಳ ಬದುಕಿನ ರೀತಿಯ ಜೊತೆ ಇಟ್ಟು ನೋಡಿದರು. ಉದ್ದ ಸೀಳುಪಾಪೆ ಇರುವುದು ಹೊಂಚು ಹಾಕುವ ಬೇಟೆಗಾರರಿಗೆ, ಅದರಲ್ಲೂ ಹಗಲು-ಇರುಳು ಎರಡರಲ್ಲೂ ಓಡಾಡುವ ಗಿಡ್ಡ ಪ್ರಾಣಿಗಳಿಗೆ. ಬೆಕ್ಕಿಗೆ ಸೀಳು, ಹುಲಿಗೆ ದುಂಡು. ಅಡ್ಡ ಪಾಪೆ ಇರುವುದು ಮೇಯುವ ಪ್ರಾಣಿಗಳಿಗೆ. ಸೀಳಿನ ಒಂದು ಲಾಭ ಹಗಲಿಗೇ ಸಂಬಂಧಿಸಿದ್ದು. ದುಂಡನೆಯ ಪಾಪೆಗಿಂತ ಬಿಗಿಯಾಗಿ ಮುಚ್ಚಿಕೊಳ್ಳಬಹುದು. ನಮ್ಮ ಪಾಪೆ ಪೂರ್ತಿ ಅರಳಿದಾಗಿನ ಹರವು ಮುದುಡಿದಾಗಿನದರ 15 ಪಟ್ಟು. ಬೆಕ್ಕಿನದು 135 ಪಟ್ಟು. ಕತ್ತಲಿಗೆ ಅಂತ ಅಷ್ಟು ಅಗಲದ ಕಿಟಕಿ ಇಟ್ಟುಕೊಂಡ ಮೇಲೆ, ಬಿಸಿಲಿಗೆ ಒಳ್ಳೆಯ ಪರದೆ ಬೇಡವೇ? ಮಧ್ಯಾಹ್ನ ಜಗಲಿಯಲ್ಲಿ ಮಲಗಿದ ಬೆಕ್ಕಿನ ಕಣ್ಣಲ್ಲಿ ಕೂದಲೆಳೆ, ಸಂಜೆ ಒಲೆ ಮುಂದೆ ಅದೇ ಕಣ್ಣಲ್ಲಿ ನೇರಳೆ ಹಣ್ಣು.

ಆಡಿನ ಪಾಪೆ ನೋಡಬೇಕಾದರೆ ಹಲಸಿನ ಸೊಪ್ಪು ಹಿಡಿದು ಕೂರಬೇಕು. ತಲೆ ಎತ್ತಿ ನನ್ನ ಕೈಯಿಂದ ಕಿತ್ತುಕೊಳ್ಳುವಾಗ ಪಾಪೆ ನೆಲಕ್ಕೆ ಸಮನಾಗಿ ಅಡ್ಡ ಗೆರೆ. ಸರಿ. ಸೊಪ್ಪನ್ನು ಕೆಳಗಿಟ್ಟೆ. ತಲೆ ಬಗ್ಗಿಸಿತು. ತಲೆ ಬಗ್ಗಿದರೆ ಗೆರೆಯೂ ಓರೆಯಾಗಬೇಕಲ್ವಾ? ಆಗಲಿಲ್ಲ. ಕಣ್ಣುಗುಡ್ಡೆಯೇ ಗೂಡಿನೊಳಗೆ ಗಡಿಯಾರದ ಮುಳ್ಳಿನಂತೆ ತಿರುಗಿ ಗೆರೆಯನ್ನು ನೆಲಕ್ಕೆ ಸಮನಾಗಿಯೇ ಇಟ್ಟಿತು. 50 ಡಿಗ್ರಿಯಷ್ಟು ತಿರುಗುತ್ತದೆ ಅಂತ ಆ ಬರಹದಲ್ಲಿ ಓದಿದ್ದೆ. ಎರಡೂ ಬದಿಯಿಂದ ಯಾರು ಬರುತ್ತಾರೆ ಅಂತ ಮೇಯುವಾಗಲೂ ಕಾಣಬೇಕು. ನಾಲ್ಕು ಸಲ ಸೊಪ್ಪು ಎತ್ತಿ ಇಳಿಸಿದೆ. ಐದನೇ ಸಲಕ್ಕೆ ಆಡಿಗೆ ಬೇಜಾರಾಗಿ ನನ್ನ ಅಂಗಿ ತಿನ್ನಲು ಬಂತು.

ಗೋಡೆ ಮೇಲಿನ ಹಲ್ಲಿ ನಮ್ಮ ಕಥೆಯ ತಿರುಗುಮುರುಗು. ಸಸ್ತನಿಗಳು ಇರುಳಿಂದ ಹಗಲಿಗೆ ಬಂದರೆ, ಹಲ್ಲಿಗಳು ಹಗಲಿಂದ ಇರುಳಿಗೆ ಹೋದವು. ಹೋಗುವಾಗ ಅವುಗಳ ಹತ್ತಿರ ಕೋನ್‌ಗಳು ಮಾತ್ರ ಇದ್ದವು. ಅವನ್ನೇ ಉದ್ದ ಮಾಡಿ, ದಪ್ಪ ಮಾಡಿ ಕತ್ತಲಿಗೆ ಪಳಗಿಸಿಕೊಂಡವು. ಇದರಿಂದ ಬಂದ ಭಾಗ್ಯ ನೋಡಿ. ಸ್ವೀಡನ್ನಿನಲ್ಲಿ 2004ರಲ್ಲಿ ಒಂದು ಜಾತಿಯ ಆಫ್ರಿಕದ ಹಲ್ಲಿಗೆ ಮಬ್ಬು ಬೆಳದಿಂಗಳಷ್ಟು ಬೆಳಕಲ್ಲಿ ನೀಲಿ ಮತ್ತು ಬೂದು ಬಣ್ಣ ತೋರಿಸಿದರು. ಅದಕ್ಕೆ ವ್ಯತ್ಯಾಸ ಗೊತ್ತಾಯಿತು. ನಮಗೆ ಅಷ್ಟು ಬೆಳಕಲ್ಲಿ ಎಲ್ಲವೂ ಬೂದು. ಇರುಳಿನ ಹಲ್ಲಿಗಳ ಪಾಪೆಯ ಸೀಳಿಗೆ ಅಂಚು ನೆಟ್ಟಗಿಲ್ಲ, ಅಲೆಅಲೆಯಾಗಿದೆ. ಕೆಲವು ಜಾತಿಗಳಲ್ಲಿ ಬಿಸಿಲಿಗೆ ಮುಚ್ಚಿದಾಗ ಸೂಜಿ ಚುಚ್ಚಿದಂಥ ನಾಲ್ಕು ತೂತು ಮಾತ್ರ ಸಾಲಾಗಿ ಉಳಿಯುತ್ತವೆ. ಪಶ್ಚಿಮ ಘಟ್ಟದಲ್ಲಿ ನೆಮಾಸ್ಪಿಸ್ ಅನ್ನುವ ಕುಲದ ಪುಟ್ಟ ಹಲ್ಲಿಗಳಿವೆ, ಹೆಚ್ಚಾಗಿ ಹಗಲಲ್ಲಿ ಬಂಡೆ-ಬೊಡ್ಡೆಗಳ ಮೇಲೆ ಓಡಾಡುವಂಥವು. ಅವುಗಳ ಪಾಪೆ ದುಂಡಗೆ. ಒಂದೇ ಬಳಗ, ಪಾಳಿ ಬೇರೆ.

ಕೊಟ್ಟಿಗೆಯ ಜಂತಿಯಲ್ಲಿ ತೂತು ಕೊರೆಯುವ ಕರಿದುಂಬಿಯನ್ನೂ ಇಲ್ಲಿ ಸೇರಿಸಬೇಕು. ಕೀಟದ ಕಣ್ಣು ಗುಡ್ಡೆಯಲ್ಲ, ಸಾವಿರಾರು ಪುಟ್ಟ ಕೊಳವೆಗಳ ಕಟ್ಟು. ಅದರಲ್ಲೂ ದುಂಬಿಯ ಬಗೆಯ ಕಣ್ಣು ಇರುಳಿಗೆ ಆಗಿಬರುವುದಿಲ್ಲ ಅಂತ ಲೆಕ್ಕ ಹೇಳುತ್ತದೆ. ಆದರೆ ಮಹಾರಾಷ್ಟ್ರದ ಭೀಮಾಶಂಕರದ ಕಾಡಿನಲ್ಲಿ ಒಂದು ಜಾತಿಯ ದುಂಬಿ ಚಂದ್ರನಿಲ್ಲದ ರಾತ್ರಿಯಲ್ಲೂ ಹಾರುತ್ತದೆ. ಹೇಮಾ ಸೋಮನಾಥನ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆನೀ ಬೋರ್ಜಸ್ ಮತ್ತು ಸ್ವೀಡನ್ನಿನ ಇಬ್ಬರು ಸೇರಿ 2008ರಲ್ಲಿ ತೋರಿಸಿದ ಹಾಗೆ, ಅದಕ್ಕೆ ನಕ್ಷತ್ರದ ಬೆಳಕಲ್ಲಿ ಬಣ್ಣವೂ ಗೊತ್ತಾಗುತ್ತದೆ. ಲೆಕ್ಕ ಇನ್ನೊಮ್ಮೆ ಮುಗ್ಗರಿಸಿತು.

ಅಮ್ಮನ ಆಪರೇಷನ್ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಮರುದಿನ ಪಟ್ಟಿ ಬಿಚ್ಚಿದರು. ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕೂತು, ಬಂದವರಿಗೆಲ್ಲ "23.4ರ ಕಣ್ಣು ನಂದು" ಅಂತ ಹೇಳುತ್ತಿದ್ದಳು. ಎಡಗಣ್ಣಿಗೂ ಪೊರೆ ಶುರುವಾಗಿದೆ, ಆದರೆ ಅದಕ್ಕೆ ಇನ್ನೂ ಸಮಯವಿದೆ ಅಂದಿದ್ದಾರೆ.

ಹತ್ತು ದಿನದ ಮೇಲೆ ಒಂದು ರಾತ್ರಿ ಕರೆಂಟು ಹೋಗಿತ್ತು. ಕರು ಕೂಗಿತು ಅಂತ ಇಬ್ಬರೂ ಕೊಟ್ಟಿಗೆಗೆ ಹೋದೆವು. ನಾನು ಅಭ್ಯಾಸಬಲದಿಂದ ಬ್ಯಾಟರಿಯನ್ನು ಕಿವಿ ಹತ್ತಿರ ಹಿಡಿದೆ. ಗೌರಿ ತಲೆ ಎತ್ತಿತು.

"ಏ, ಇಲ್ಲಿ ಕೊಡು" ಅಂತ ಬ್ಯಾಟರಿ ಕಿತ್ತುಕೊಂಡಳು ಅಮ್ಮ. ತನ್ನ ಕಿವಿ ಹತ್ತಿರ ಹಿಡಿದಳು. ಬಲಗಣ್ಣನ್ನು ಅಂಗೈಯಿಂದ ಮುಚ್ಚಿದಳು. ಆಮೇಲೆ ಎಡಗಣ್ಣನ್ನು. ಮತ್ತೆ ಬಲ, ಮತ್ತೆ ಎಡ.

"ಈ ಕಣ್ಣಲ್ಲಿ ಹಳದಿ. ಈ ಕಣ್ಣಲ್ಲಿ..." ಸುಮ್ಮನಾದಳು. "ನೀಲಿ ಮಾರಾಯ. ನವಿಲಿನ ಕುತ್ತಿಗೆ ಹಾಗೆ."

ಪೊರೆ ಬರುವ ಮೊದಲೇ ನಮ್ಮ ಕಣ್ಣಿನ ಲೆನ್ಸ್ ವರ್ಷವರ್ಷಕ್ಕೂ ಹಳದಿಗಟ್ಟುತ್ತಾ ಹೋಗುತ್ತದೆ. ನೀಲಿ ಬೆಳಕನ್ನು ತಡೆಯುತ್ತದೆ. ಹೋದ ವರ್ಷದ ಜಗಳದಲ್ಲಿ ಅವಳು ಕಂಡಿದ್ದನ್ನೇ ಹೇಳಿದ್ದಳು. ನಾನು ಗೆದ್ದೆ ಅಂತ ಹೇಳೋಣ ಅನ್ನಿಸಿತು, ಹೇಳಲಿಲ್ಲ.

ಅಮ್ಮ ಇನ್ನೂ ಒಂದೆರಡು ಸಲ ಕಣ್ಣು ಬದಲಾಯಿಸಿ ನೋಡಿದಳು. ಗೌರಿ ಮುಖ ಆಚೆ ತಿರುಗಿಸಿತು. ಅಷ್ಟಕ್ಕೆ ಅವಳು ಬ್ಯಾಟರಿ ಆರಿಸಿದಳು.

"ಸಾಕು. ಪಾಪ, ಅದಕ್ಕೆ ಚುಚ್ಚುತ್ತೆ. ಆವತ್ತು ಮೆಟ್ಟಿಲ ಮೇಲೆ ನಂಗಾದ ಹಾಗೆ."

ಕತ್ತಲಲ್ಲಿ ಗೌರಿ ಮೆಲುಕು ಹಾಕುವ ಸದ್ದು ಮತ್ತೆ ಶುರುವಾಯಿತು. ನಾವಿಬ್ಬರು ಗೋಡೆ ತಡವುತ್ತಾ, ಗೊಂತಿಗೆ ಕಾಲು ಎಡವುತ್ತಾ ಅಂಗಳಕ್ಕೆ ಬಂದೆವು.